ಕೇಳದೇ ಕೊಟ್ಟ ನಿವೃತ್ತಿ

ನಾಗರತ್ನಾ ನೌಕರಿ ಬಿಡುತ್ತಾಳೆ ಎನ್ನುವ ಸುದ್ದಿ ಸ್ವತಃ ನಾಗರತ್ನಾಳಿಗೆ ಗೊತ್ತಾದದ್ದು ಬಾದಾಮಿಯ ಒಂದು ಕಲ್ಯಾಣಮಂಟಪದಲ್ಲಿ, ಮೈಕಿನ ಮೂಲಕ, ಬೀಗರು ಬಿಜ್ಜರು ಎಲ್ಲರ ಎದುರಿಗೆ.

ಆವತ್ತು ಅವಳ ನಾದಿನಿ ಶೀಲಾಳ ಮಗಳ ನಿಶ್ಚಯ ಕಾರ್ಯ. ಉಂಗುರ ತೊಡಿಸಿದ್ದು ಮುಗಿದಿತ್ತು, ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಶೀಲಾ ಮೈಕು ಹಿಡಿದು, ಮನೆಯಲ್ಲಿ ಎಂದೂ ಆಡದ ಪುಸ್ತಕದ ಭಾಷೆಯಲ್ಲಿ ಶುರು ಮಾಡಿದಳು. "ಇಂದಿನ ಕಾಲದಲ್ಲಿ ಅತ್ತೆಯನ್ನು ತಾಯಿಯಂತೆ ಕಾಣುವ ಸೊಸೆ ಸಿಗುವುದು ಕಷ್ಟ. ನಮ್ಮ ವೈನಿಯವರು ಸರ್ಕಾರಿ ನೌಕರಿಯನ್ನೇ ತ್ಯಾಗ ಮಾಡಿ ನಮ್ಮ ತಾಯಿಯವರ ಸೇವೆಗೆ ನಿಂತಿದ್ದಾರೆ. ಅವರಿಗೆ ನಮ್ಮ ಕುಟುಂಬದಿಂದ ಒಂದು ಚಿಕ್ಕ ಸನ್ಮಾನ."

ನಾಗರತ್ನಾ ಆಗ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಪರಿಚಯದವಳೊಬ್ಬಳ ಕೂಸಿನ ಜ್ವರದ ಬಗ್ಗೆ ಮಾತಾಡುತ್ತಿದ್ದಳು. ವೈನಿ ಎಂದರೆ ಅಣ್ಣನ ಹೆಂಡತಿಯಾದ ತಾನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಗಂಡ ಅನಿಲಕುಮಾರ ಬಂದು ಮೊಳಕೈ ಹಿಡಿದು ಎಬ್ಬಿಸಿದ. ಜನ ದಾರಿ ಬಿಟ್ಟರು. ವೇದಿಕೆಯ ಮೇಲೆ ಶಾಲು ಹೊದಿಸಿದರು, ಹಾರ ಹಾಕಿದರು, ಕೈಯಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಚಪ್ಪಾಳೆ ಬಿತ್ತು. ಹಿರಿಯ ಹೆಣ್ಣುಮಗಳೊಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾಗರತ್ನಾ ಗಂಡನ ಮುಖ ನೋಡಿದಳು. ಅವನು ಫೋಟೋ ತೆಗೆಯುವವನ ಕಡೆಗೆ ನೋಡುತ್ತಿದ್ದ.

ತನಗೆ ಆಗ ಏನೂ ಕೇಳಿಸಲಿಲ್ಲ ಎಂದು ಅವಳು ಆಮೇಲೆ ಹೇಳುತ್ತಿದ್ದಳು. ಜನರ ಕೈಗಳು ಬಡಿಯುವುದು ಕಾಣುತ್ತಿತ್ತು, ಸಪ್ಪಳ ಇರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಎಂಥೆಂಥದನ್ನೋ ನೋಡಿದವಳು ಅವಳು. ರಕ್ತ ನಿಲ್ಲದೆ ಮನೆಯವರು ಬಾಯಿ ಬಡಿದುಕೊಳ್ಳುವಾಗಲೂ ಅವಳ ಕೈ ತಪ್ಪಿದ್ದಿಲ್ಲ. ಆವತ್ತು ಹಿಡಿದ ಹಣ್ಣಿನ ಬುಟ್ಟಿ ವಾಲಿ, ಒಂದು ಮೋಸಂಬಿ ಉರುಳಿ ವೇದಿಕೆಯ ಕೆಳಗೆ ಬಿತ್ತು. ಎಲ್ಲರೂ ಅದನ್ನು ಸಂತೋಷಕ್ಕೆ ಆದದ್ದು ಎಂದುಕೊಂಡರು.

ನಾಗರತ್ನಾ ಹುನಗುಂದದ ಮಗಳು. ಅಪ್ಪ ಅರಳೆ ಅಂಗಡಿಯಲ್ಲಿ ಗುಮಾಸ್ತ. ನರ್ಸಿಂಗ್ ಕಲಿತು, ಚಿಕ್ಕ ವಯಸ್ಸಿಗೇ ಸರ್ಕಾರಿ ಕೆಲಸ ಹಿಡಿದವಳು. ಮದುವೆಯಾಗಿ ಬಾಗಲಕೋಟೆಗೆ ಬಂದಮೇಲೆ ಹತ್ತಾರು ಕಡೆ ವರ್ಗವಾಗಿ, ಈಗ ಕೆಲವು ವರ್ಷಗಳಿಂದ ಬಾದಾಮಿಯ ಕಡೆ ಸರ್ಕಾರಿ ದವಾಖಾನೆಯೊಂದರ ಹೆರಿಗೆ ವಾರ್ಡಿನಲ್ಲಿದ್ದಳು. ನವನಗರದ ಮನೆಯಿಂದ ದಿನಾಲೂ ಬಸ್ಸಿನ ಓಡಾಟ. ವಯಸ್ಸು ಐವತ್ನಾಲ್ಕು. ಮೊಣಕಾಲು ನೋವು ಶುರುವಾಗಿತ್ತು. ಬಸ್ಸಿನಲ್ಲಿ ನಿಂತು ಬಂದ ದಿನ, ಸಾಕಪ್ಪ ಈ ನೌಕರಿ ಎಂದು ಅವಳಿಗೂ ಅನಿಸುತ್ತಿತ್ತು. ಮರುದಿನ ಮತ್ತೆ ಹೋಗುತ್ತಿದ್ದಳು. ಮಾತು ಕಡಿಮೆ. ಬೇಡ ಎನ್ನುವ ಮಾತಂತೂ ಅವಳ ಬಾಯಿಯಿಂದ ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಗಂಡ ಅನಿಲಕುಮಾರ ಕಾಲೇಜೊಂದರಲ್ಲಿ ಕ್ಲಾರ್ಕನಾಗಿ ಸೇರಿ, ಹೆಡ್ ಕ್ಲಾರ್ಕನಾಗಿ ನಿವೃತ್ತನಾಗಿ ಮನೆಯಲ್ಲಿದ್ದ. ಮುಂಜಾನೆ ಪೇಪರು, ಸಂಜೆ ಪಾರ್ಕಿನಲ್ಲಿ ಗೆಳೆಯರ ಕೂಟ. ಇದ್ದೊಬ್ಬ ಮಗ ಮದುವೆಯಾಗಿ ಇಳಕಲ್ಲಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ. ಮನೆಯಲ್ಲಿ ಇನ್ನೊಬ್ಬರೆಂದರೆ ಅನಿಲಕುಮಾರನ ತಾಯಿ ಇಂದ್ರಾಬಾಯಿ, ಎಂಬತ್ತು ದಾಟಿದಾಕೆ. ಅವರು ಆ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು. ಆದರೆ ಎದ್ದು ಓಡಾಡುವ ಹಾಗೆ ಆಗಲಿಲ್ಲ. ಮುಂಜಾನೆ ದುರ್ಗವ್ವ ಎನ್ನುವ ಹೆಣ್ಣುಮಗಳು ಬಂದು ಮೈ ತೊಳೆದು ಸೀರೆ ಬದಲಿಸಿ ಹೋಗುತ್ತಿದ್ದಳು. ಅವಳು ಹೋದಮೇಲೆ ನಾಗರತ್ನಾ ಮನೆಗೆ ಬರುವವರೆಗಿನ ಹೊತ್ತು ಅನಿಲಕುಮಾರನದು. ಅವನು ತಾಯಿಗೆ ಚಹಾ ಕೊಡುತ್ತಿದ್ದ, ಗುಳಿಗೆ ಕೊಡುತ್ತಿದ್ದ, ಟಿವಿ ಹಚ್ಚಿ ಕೊಡುತ್ತಿದ್ದ. ಬಹಿರ್ದೆಸೆಗೆ ಪಾತ್ರೆ ಇಡಬೇಕಾದಾಗ ಮಾತ್ರ ಪಕ್ಕದ ಮನೆಯ ಅನುರಾಧಾಳನ್ನು ಕರೆಯುತ್ತಿದ್ದ. ಅವಳು ಇಲ್ಲದ ದಿನ ಇಂದ್ರಾಬಾಯಿ ಹಾಗೇ ಹಾಸಿಗೆಯಲ್ಲಿ ಹಸಿಯಾಗಿ ಮಲಗಿರುತ್ತಿದ್ದರು, ಸೊಸೆಯ ಬಸ್ಸು ಬರುವವರೆಗೂ.

"ಗಂಡಮಗ ನಾ, ಅವ್ವನ್ನ ಹೆಂಗ ತೊಳೀಲಿ?" ಅನಿಲಕುಮಾರ ಹೇಳುತ್ತಿದ್ದ. ಆ ಮಾತಿಗೆ ಎದುರು ಮಾತು ಇದೆ ಎಂದು ಯಾರಿಗೂ ಅನಿಸಿರಲಿಲ್ಲ. ನಾಗರತ್ನಾಳಿಗೂ ಇಲ್ಲ.

ಶೀಲಾ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು. "ವೈನಿ, ಇನ್ನ ಎಷ್ಟ ದಿನ ದುಡೀತೀರಿ? ಮಗನ ಲಗ್ನ ಆತು, ಮನಿ ಆತು. ಮನ್ಯಾಗ ಆರಾಮ ಇರಬಾರ್ದೇನು? ಅವ್ವಗೂ ಆತು, ನಿಮಗೂ ಆತು." ಗಂಡನೂ ಊಟಕ್ಕೆ ಕುಳಿತಾಗ ಅದನ್ನೇ ತೆಗೆಯುತ್ತಿದ್ದ. ಮಗ ಇಳಕಲ್ಲಿನಿಂದ ಬಂದಾಗ, "ಅವ್ವಾ, ಸ್ವಂತ ಮನಿ ಬಿಟ್ಟು ಮಂದೀನ ನೋಡಾಕ ಹೋಗ್ತೀಯಲ್ಲ" ಎಂದು ನಗುತ್ತ ಅಂದ. ನಗುತ್ತ ಅಂದದ್ದು ಅವಳಿಗೆ ಹೆಚ್ಚು ನಾಟಿತು. ಎಲ್ಲರಿಗೂ ಅವಳು ಕೊಟ್ಟ ಉತ್ತರ ಒಂದೇ: ನೋಡೋಣು.

ನಿಶ್ಚಯ ಮುಗಿಸಿ ಬಾಡಿಗೆ ಕಾರಿನಲ್ಲಿ ಬಾದಾಮಿಯಿಂದ ವಾಪಸು ಬರುವಾಗ ಕೆರೂರು ದಾಟಿತು. ಆಮೇಲೆ ಅವಳೇ ಕೇಳಿದಳು.

"ನಾ ಯಾವಾಗ ಹೂಂ ಅಂದಿದ್ದೆನ್ರಿ?"

"ನೋಡೋಣು ಅಂದಿದ್ದೆಲ್ಲ."

"ನೋಡೋಣು ಅಂದ್ರ ಹೂಂ ಅಂದಂಗೇನು?"

ಅನಿಲಕುಮಾರ ಹೊರಗೆ ನೋಡುತ್ತ, ಸಿಟ್ಟಿಲ್ಲದೆ, ಬಹಳ ಸಹಜವಾಗಿ ಹೇಳಿದ. "ನೀ ಎಂದರ ಬ್ಯಾಡ ಅಂದೀಯೇನು? ಇದಕ್ಕೂ ಅನ್ನೂದಿಲ್ಲ ಅಂತ ಗೊತ್ತಿತ್ತು. ಶೀಲಾ ಚಲೋ ಮನಸಿನಿಂದ ಮಾಡ್ಯಾಳ. ಮಂದಿ ಎಲ್ಲಾ ಎಷ್ಟು ಹೊಗಳಿದ್ರು, ನೋಡಿದೆಲ್ಲ."

ಮೂವತ್ತು ವರ್ಷ ಜೊತೆಗಿದ್ದ ಮನುಷ್ಯ ತನ್ನ ಮೌನವನ್ನು ಹೀಗೆ ಓದಿಕೊಂಡಿದ್ದಾನೆ ಎನ್ನುವುದು, ವೇದಿಕೆಯ ಮೇಲೆ ಆದದ್ದಕ್ಕಿಂತ ದೊಡ್ಡ ಪೆಟ್ಟಾಗಿ ಬಿತ್ತು ಅವಳಿಗೆ. ಹೊದಿಸಿದ್ದ ಶಾಲನ್ನು ಮಡಿಚಿ ಸೀಟಿನ ಮೇಲೆ ಇಟ್ಟಳು.

ಮರುದಿನ ಡ್ಯೂಟಿಗೆ ಹೋದರೆ ಅವಳ ಜೊತೆಯ ನರ್ಸ್ ಸಾಯಿಮಾ ಮುಖ ಊದಿಸಿಕೊಂಡಿದ್ದಳು. ಯಾರೋ ಸನ್ಮಾನದ ಫೋಟೋ ಫೋನಿನಲ್ಲಿ ಹಾಕಿ, ಅದು ಅಲ್ಲಿಯವರೆಗೂ ಬಂದು ಮುಟ್ಟಿತ್ತು. "ಅಕ್ಕಾರ, ಊರಿಗೆಲ್ಲಾ ಹೇಳೀರಿ, ನನಗೊಂದ ಮಾತು ಹೇಳಲಿಲ್ಲ" ಎಂದಳು. ನನಗೂ ಯಾರೂ ಹೇಳಿರಲಿಲ್ಲವ್ವ ಎನ್ನಬೇಕೆಂದು ನಾಗರತ್ನಾಳ ತುಟಿಯವರೆಗೆ ಬಂತು. ಹಾಗೆ ಅಂದರೆ ಗಂಡನ ಮರ್ಯಾದೆ ಹೋಗುತ್ತದೆ. ಹೆರಿಗೆ ರಿಜಿಸ್ಟರು ತೆರೆದು ಕುಳಿತಳು. ಹುನಗುಂದದಿಂದ ತಮ್ಮ ಫೋನು ಮಾಡಿ, ಅಕ್ಕಾ ನಮ್ಮ ಮನೆತನದ ಹೆಸರು ಉಳಿಸಿದಿ ಎಂದು ಗದ್ಗದನಾದ. ಬಸ್ಸಿನಲ್ಲಿ ಗುರುತಿನವರು ಎದ್ದು ಸೀಟು ಕೊಟ್ಟರು. ಇಷ್ಟೆಲ್ಲ ಆದಮೇಲೆ ಬಿಡುವುದಿಲ್ಲ ಎಂದರೆ ಏನಾಗುತ್ತದೆ ಎಂದು ಯೋಚಿಸಿದಳು. ಹಾಸಿಗೆ ಹಿಡಿದ ಮುದುಕಿಗೆ ಕೊಟ್ಟದ್ದನ್ನು ಕಸಿದುಕೊಂಡ ಸೊಸೆ ಆಗುತ್ತಾಳೆ ಅಷ್ಟೇ. ಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಎರಡು ವಾರದಲ್ಲಿ ಅವಳು ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟಳು. ಮಂಜೂರಾಗಿ ಬರಲು ಕೆಲವು ತಿಂಗಳು ಹಿಡಿಯುತ್ತದೆ ಎಂದರು. ಅಷ್ಟರವರೆಗೆ ಉಳಿದ ರಜೆ ಹಾಕಿ ಮನೆಯಲ್ಲಿ ಕುಳಿತಳು.

ಅನಿಲಕುಮಾರನಿಗೆ ಸಮಾಧಾನವಾಯಿತು. ಸಂಜೆಯ ಪಾರ್ಕಿನ ಜೊತೆಗೆ ಮುಂಜಾನೆಯ ಪಾರ್ಕೂ ಸೇರಿತು. ದುರ್ಗವ್ವನನ್ನು ಬಿಡಿಸಿದರು. ನಾಗರತ್ನಾ ಅತ್ತೆಯ ಮೈ ತೊಳೆದಳು, ಬೆನ್ನಿಗೆ ಪೌಡರು ಹಚ್ಚಿದಳು, ವಿಭೂತಿ ಧರಿಸಿಕೊಳ್ಳಲು ತಟ್ಟೆ ಹಿಡಿದಳು, ಉಣ್ಣಿಸಿದಳು. ಕೆಲಸ ಹೊಸದಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಮನೆಯ ನಡುವೆ ನಿಂತು, ಮುಂದೆ ಏನು ಮಾಡಬೇಕು ಎನ್ನುವುದು ಮರೆತವಳ ಹಾಗೆ ಗೋಡೆ ನೋಡುತ್ತಿದ್ದಳು. ಒಂದು ಸಲ ಬಟ್ಟೆ ಒಗೆಯುವ ಬಕೆಟ್ಟಿನ ಮುಂದೆ ಕುಳಿತವಳು ನೀರು ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸದೆ ಕುಳಿತೇ ಇದ್ದಳು. ಇಂದ್ರಾಬಾಯಿ ಮಂಚದ ಮೇಲಿಂದ ಇದನ್ನು ನೋಡುತ್ತಿದ್ದರು. ಸೊಸೆ ರಜೆ ಹಾಕಿದ್ದಾಳೆ ಎಂದಷ್ಟೇ ಅವರಿಗೆ ಗೊತ್ತು. ಅವರು ನಿಶ್ಚಯಕ್ಕೆ ಹೋಗಿರಲಿಲ್ಲ, ಸನ್ಮಾನದ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಹೇಳಿದವಳು ಪಕ್ಕದ ಮನೆಯ ಅನುರಾಧಾ. ಊಟದ ಹೊತ್ತು ಮುಗಿದಮೇಲೆ ಒಂದು ಬಟ್ಟಲು ಹೋಳಿಗೆಯ ಹೂರಣ ಹಿಡಿದು ಬಂದವಳು ಮಂಚದ ಬಳಿ ಕುಳಿತು, "ಪುಣ್ಯಾ ಮಾಡೀರಿ ಆಯಿ, ನಿಮ್ಮ ಸಲುವಾಗಿ ಸರ್ಕಾರಿ ನೌಕರೀನ ಬಿಟ್ಟಾರ ನಿಮ್ಮ ಸೊಸಿ" ಎಂದಳು. ಇಂದ್ರಾಬಾಯಿ ಅವಳು ಹೋಗುವವರೆಗೆ ಕಾದು, ಮಗನನ್ನು ಕರೆದರು.

"ನನ್ನ ಹೆಸರಲೆ ಈಕೀ ನೌಕರಿ ಬಿಡಿಸೀಯಂತ. ಖರೆ ಏನು?"

"ಬಿಡಿಸಿಲ್ಲವಾ. ಆಕೀನ ಬಿಟ್ಟಾಳ. ನಿನ್ನ ನೋಡಾಕ ಯಾರರ ಬೇಕಲ್ಲ."

"ನಾ ಕೇಳಿದ್ನೇನು?"

"ಕೇಳೂದೇನೈತಿ ಅದರಾಗ? ನಮಗ ತಿಳಿಯಂಗಿಲ್ಲೇನು?"

"ತಿಳಿತೈತಿ. ನನ್ನ ಖಾನಾವಳಿ ಮುಚ್ಚುವಾಗೂ ನಿಮಗ ಎಲ್ಲಾ ತಿಳಿದಿತ್ತು."

ಅಡುಗೆಮನೆಯ ಬಾಗಿಲಲ್ಲಿದ್ದ ನಾಗರತ್ನಾ ಅಲ್ಲೇ ನಿಂತಳು. ಹಳೇ ಬಾಗಲಕೋಟೆಯ ಮನೆಯ ಮುಂಭಾಗದಲ್ಲಿ ಇಂದ್ರಾಬಾಯಿ ಖಾನಾವಳಿ ನಡೆಸಿದ್ದು ಅವಳು ಕಣ್ಣಾರೆ ಕಂಡದ್ದು. ದೂರದ ಹಳ್ಳಿಗಳಿಂದ ಓದಲು ಬಂದ ಹುಡುಗರು, ಕೋರ್ಟು ಕಚೇರಿಗೆ ಬಂದವರು ಸಾಲಾಗಿ ಕುಳಿತು ಬಿಸಿ ರೊಟ್ಟಿ ಎಣ್ಣೆಗಾಯಿ ಉಂಡು ಹೋಗುತ್ತಿದ್ದರು. ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಡೆಗೆ ಹೋಗಿ ನವನಗರಕ್ಕೆ ಬಂದಮೇಲೆ ಅದು ನಿಂತಿತು. ಅಷ್ಟೇ ಅವಳಿಗೆ ಗೊತ್ತಿದ್ದದ್ದು.

"ಯವ್ವಾ, ಅದು ಮುಳಗಡಿ ಆಗಿದ್ದಕ್ಕ ಮುಚ್ಚಿದ್ದಲ್ಲೇನು?" ಎಂದ ಅನಿಲಕುಮಾರ.

"ನೀರು ಬರೂಕಿಂತ ಮೊದಲ ನೀವು ಮುಚ್ಚಿದ್ರಿ. ನೀನು, ನಿಮ್ಮಪ್ಪ." ಮುದುಕಿಯ ಧ್ವನಿ ಏರಲಿಲ್ಲ. "ಹೊಸಾ ಮನಿ ಕಟ್ಟಿ ಆತು, ಇನ್ನ ಅವ್ವ ಮಂದಿಗೆ ರೊಟ್ಟಿ ಬಡದು ಹಾಕೂದು ಚಂದ ಕಾಣೂದಿಲ್ಲ ಅಂದ್ರಿ. ನೀ ಆವಾಗ ಕಾಲೇಜಿನಾಗ ಕ್ಲಾರ್ಕ ಇದ್ದಿ. ನಿನಗ ನಾಚಿಕಿ ಬರ್ತಿತ್ತು. ನವನಗರದಾಗ ಜಾಗ ನೋಡಿಟ್ಟಿದ್ದೆ ನಾ, ಬಸ್ ಸ್ಟ್ಯಾಂಡ್ ಸನೇಕ. ಬನಶಂಕರಿಗೆ ಹೋಗಿ ಹಣ್ಣು ಕಾಯಿ ಮಾಡಿಸಿಕೊಂಡು ಬರೂದರಾಗ ನನ್ನ ಒಲಿ ಒಡದು ಹಾಕಿದ್ರಿ. ರೊಟ್ಟಿ ಹಂಚು, ಹಿಟ್ಟು ನಾದೂ ಪರಾತ ಎಲ್ಲಾ ಮಾರಿ ಬಂದಿದ್ರಿ. ಆರಾಮ ಇರು ಅಂದ್ರಿ. ಐವತ್ತೆಂಟು ಇತ್ತು ನನಗ. ಇವತ್ತಿನ ತನಾ ಆರಾಮ ಇದ್ದೇನಿ ನೋಡು."

ಅನಿಲಕುಮಾರ ತಾಯಿಯ ಮುಖವನ್ನೇ ನೋಡುತ್ತ ನಿಂತ. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಒಂದು ದಿನವೂ ಅವರು ಈ ಮಾತು ಎತ್ತಿರಲಿಲ್ಲ. ಅವ್ವ ಸುಖವಾಗಿದ್ದಾಳೆ ಎಂದೇ ಅವನು ನಂಬಿದ್ದ, ಗೆಳೆಯರ ಮುಂದೆ ಹೇಳಿಕೊಂಡಿದ್ದ. ನಾಗರತ್ನಾಳ ಸ್ಥಿತಿ ಅದಕ್ಕಿಂತ ಬೇರೆ ಇರಲಿಲ್ಲ. ಅದೇ ಮನೆಯಲ್ಲಿ ಹರೆಯದ ಸೊಸೆಯಾಗಿ ಇದ್ದವಳು ಅವಳು. ಒಡೆದ ಒಲೆಯ ಮಣ್ಣು ಹೊರಗೆ ಬಿದ್ದದ್ದನ್ನು ಕಂಡಿದ್ದಳು. ಅತ್ತೆಗೆ ಬೇಕಾಗಿತ್ತೋ ಬೇಡವಾಗಿತ್ತೋ ಎಂದು ಅವಳಿಗೂ ಆಗ ಅನಿಸಿರಲಿಲ್ಲ.

"ಇನ್ನೊಂದು ಕೇಳು" ಎಂದರು ಇಂದ್ರಾಬಾಯಿ. "ನನ್ನ ಯಾರು ನೋಡಬೇಕು ಅನ್ನೂದು ನಾ ಹೇಳ್ತೇನಿ. ಈಕಿ ಅಲ್ಲ. ನೀ ನೋಡು."

"ಅವ್ವಾ, ನಾ ಹೆಂಗ..."

"ನಿನ್ನ ತೊಳದಾಕಿ ನಾ. ನನ್ನ ತೊಳಿಯಾಕ ನಿನಗೇನು ತ್ರಾಸು?"

ನಾಗರತ್ನಾ ಒಳಗೆ ಬಂದಳು. "ಅತ್ತೀ, ಅವರ ಕೈಲೆ ಆಗೂದಿಲ್ಲರಿ" ಎಂದಳು. ತನ್ನ ಬಾಯಿಂದಲೇ ಆ ಮಾತು ಬಂದದ್ದು ಕೇಳಿ ಅವಳಿಗೇ ಸೋಜಿಗವಾಯಿತು. ಇಂದ್ರಾಬಾಯಿ ಅವಳ ಕಡೆ ತಿರುಗಿ, "ನೀ ಸುಮ್ಕಿರವಾ. ನೀನೂ ನನ್ನ ಕೇಳಲಿಲ್ಲ" ಎಂದರು.

ಅನಿಲಕುಮಾರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸಂಜೆಯವರೆಗೂ ಬರಲಿಲ್ಲ.

ಮರುದಿನ ಮುಂಜಾನೆ ಇಂದ್ರಾಬಾಯಿ ಸೊಸೆಯ ಕೈಯಿಂದ ಪಾತ್ರೆ ಇಡಿಸಿಕೊಳ್ಳಲಿಲ್ಲ. ಮಗನನ್ನು ಕರೆ ಎಂದರು. ನಾಗರತ್ನಾ ಎಷ್ಟು ಹೇಳಿದರೂ ತುಟಿ ಬಿಗಿದು ಗೋಡೆಗೆ ಮುಖ ಮಾಡಿದರು. ಹೊತ್ತು ಹೋಯಿತು. ಮಂಚದ ಮೇಲೆ ಆಗಬಾರದ್ದು ಆಯಿತು. ಆಗಲೂ ಅವರು ಸೊಸೆಯನ್ನು ಹತ್ತಿರ ಬಿಡಲಿಲ್ಲ. ಕೊನೆಗೆ ಅನಿಲಕುಮಾರ ಎದ್ದು ಬಂದ. ಬಂದವನು ಮೊದಲು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡ. ಮತ್ತೆ ಬಂದ. ನಾಗರತ್ನಾ ಬಾಗಿಲ ಹೊರಗೆ ನಿಂತು ಹೇಳಿದಳು. "ಎರಡೂ ಮೊಣಕಾಲ ನಡುವ ದಿಂಬು ಇಡ್ರಿ. ಆಪರೇಷನ್ ಆದ ಕಾಲು ಒಳಗ ತಿರುಗಬಾರ್ದು. ಹೆಗಲು, ಟೊಂಕ ಎರಡೂ ಕೂಡೆ ಹೊರಳಿಸ್ರಿ. ಜಗ್ಗಬ್ಯಾಡ್ರಿ." ಒಳಗಿನಿಂದ ನೀರಿನ ಸಪ್ಪಳ, ಅವನ ಏದುಸಿರು. ಅರ್ಧ ತಾಸಿನ ಮೇಲೆ ಅವನು ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅವಳ ಕಡೆ ನೋಡಲಿಲ್ಲ.

"ಅವ್ವನ ಬೆನ್ನು ಇಷ್ಟ ಸಣ್ಣ ಆಗೇತಿ ಅಂತ ಗೊತ್ತಿರಲಿಲ್ಲ" ಎಂದ.

ಆ ವಾರವೇ ನಾಗರತ್ನಾ ಕಚೇರಿಗೆ ಹೋಗಿ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಮಂಜೂರಾತಿ ಇನ್ನೂ ಬಂದಿರಲಿಲ್ಲ, ಆದ್ದರಿಂದ ಅದು ಸಾಧ್ಯವಿತ್ತು. ಅಲ್ಲಿನ ಗುಮಾಸ್ತ ಬಂದೇನವಾಜ ಅವಳನ್ನು ಬಹಳ ವರ್ಷದಿಂದ ಬಲ್ಲವನು. ಕನ್ನಡಕ ಮೇಲೆತ್ತಿ, "ಮೇಡಂ, ಅಂದು ಬಿಡ್ತೇನಿ ಅಂದ್ರಿ, ಇಂದು ಬಿಡೂದಿಲ್ಲ ಅಂತೀರಿ. ಇದರಾಗ ಖರೆ ಯಾವುದು?" ಎಂದು ಕೇಳಿದ.

"ಅಂದಿನದು ಮಂದೀದು ಇತ್ತರಿ" ಎಂದಳು ನಾಗರತ್ನಾ. "ಇದು ನಂದು."

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಳು. ಬೇಡ ಎಂದು ಹೇಳಿದ್ದು ಜೀವನದಲ್ಲಿ ಅದೇ ಮೊದಲು ಎಂದು ಅವಳಿಗೆ ಆಗ ಹೊಳೆಯಿತು. ಕಟ್ಟೆಯ ಮೇಲೆ ಕುಳಿತು ಅರ್ಜಿಯ ನಕಲನ್ನು ಮತ್ತೊಮ್ಮೆ ಓದಿದಳು.

ಸುದ್ದಿ ತಿಳಿದು ಶೀಲಾ ಬಾದಾಮಿಯಿಂದ ಓಡಿ ಬಂದಳು. "ವೈನಿ, ನಾಕ ಮಂದಿ ಮುಂದ ನನ್ನ ಮಾನ ತಗದ್ರಿ. ಬೀಗರು ಏನಂದ್ಕೊಂಡಾರು?" ನಾಗರತ್ನಾ ಚಹಾ ಕೊಟ್ಟಳು. ಶೀಲಾ ತಾಯಿಯ ಹತ್ತಿರ ಹೋಗಿ ಅತ್ತಳು. ಇಂದ್ರಾಬಾಯಿ ಅವಳ ತಲೆ ಸವರಿ, "ನಿನಗ ಅಷ್ಟು ಸಂಕಟ ಇದ್ದರ ತಿಂಗಳಿಗೆ ಒಂದ ವಾರ ಬಂದು ಇರವಾ ಇಲ್ಲೆ" ಎಂದರು. ಶೀಲಾ ಚಹಾ ಕುಡಿಯದೆ ಹೋದಳು. ಆಮೇಲೆ ಹಬ್ಬಕ್ಕೂ ಬರಲಿಲ್ಲ. ಮಗನೂ ಕೆಲವು ದಿನ ಫೋನು ಮಾಡಲಿಲ್ಲ.

ದುರ್ಗವ್ವ ಮತ್ತೆ ಬರತೊಡಗಿದಳು. ಮಧ್ಯಾಹ್ನದ್ದೆಲ್ಲ ಅನಿಲಕುಮಾರನದಾಯಿತು. ಮೊದಮೊದಲು ಅವನು ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದ, ಹೆಂಡತಿಯ ಜೊತೆ ತಿಂಗಳುಗಟ್ಟಲೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಗೆಳೆಯರ ಕೂಟದಲ್ಲಿ ಯಾರೋ ಹಾಸ್ಯ ಮಾಡಿದರೆಂದು ಪಾರ್ಕಿಗೆ ಹೋಗುವುದನ್ನೂ ಬಿಟ್ಟಿದ್ದ. ಆದರೆ ಒಂದು ದಿನ ನಾಗರತ್ನಾ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಒಳಗೆ ತಾಯಿ ಮಗ ನಗುವುದು ಕೇಳಿತು. ಇಂದ್ರಾಬಾಯಿ ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹುರಿಯಬೇಕೆಂದು ಮಂಚದಿಂದ ಹೇಳುತ್ತಿದ್ದರು. ಅವನು ಅದನ್ನು ಸೀದು ಹೋಗುವಷ್ಟು ಹುರಿದು ತಂದು ತೋರಿಸಿ ಬೈಸಿಕೊಳ್ಳುತ್ತಿದ್ದ. ಆ ನಗು ಕೇಳಿ ಅವಳು ಒಳಗೆ ಹೋಗದೆ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕುಳಿತಳು.

ಇಂದ್ರಾಬಾಯಿ ಮತ್ತೊಂದು ಬೇಸಿಗೆ ನೋಡಿದರು. ಅದರ ಕೊನೆಗೆ, ಒಂದು ಮಧ್ಯಾಹ್ನ, ನಾಗರತ್ನಾ ವಾರ್ಡಿನಲ್ಲಿ ಹೆರಿಗೆಯೊಂದರ ನಡುವೆ ಇರುವಾಗ ಫೋನು ಬಂತು. ಸಾಯಿಮಾ ಅದನ್ನು ಎತ್ತಿಕೊಂಡು, ಕೂಸು ಹೊರಗೆ ಬರುವವರೆಗೆ ಹೇಳದೆ ಕಾದಳು. ಆಮೇಲೆ ಹೇಳಿದಳು. ನಾಗರತ್ನಾ ಕೈ ತೊಳೆದುಕೊಂಡು, ಅದೇ ಡ್ಯೂಟಿಯ ಬಿಳಿ ಸೀರೆಯಲ್ಲಿ ಬಸ್ಸು ಹತ್ತಿ ಬಂದಳು.

ಮನೆ ತುಂಬ ಜನ. ಇಂದ್ರಾಬಾಯಿಯವರನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಶೀಲಾ ತಾಯಿಯ ಕಾಲ ಬಳಿ ಕುಳಿತಿದ್ದಳು. ನಾಗರತ್ನಾ ಒಳಗೆ ಬಂದದ್ದನ್ನು ಕಂಡು, ಎಲ್ಲರಿಗೂ ಕೇಳುವ ಹಾಗೆ, "ಕಡೀಗಳಿಗ್ಯಾಗ ಬಾಯಾಗ ನೀರು ಬಿಡಾಕ ಮನ್ಯಾಗ ಯಾರೂ ಇದ್ದಿಲ್ಲ ನಮ್ಮವ್ವಗ" ಎಂದಳು.

ಕೆಲವರು ನಾಗರತ್ನಾಳ ಬಿಳಿ ಸೀರೆಯ ಕಡೆ ನೋಡಿದರು. ಅವಳು ಹೊಸ್ತಿಲ ಮೇಲೆಯೇ ನಿಂತಳು.

"ನಾ ಇದ್ನಿ" ಎಂದ ಅನಿಲಕುಮಾರ.

ಮೂಲೆಯಲ್ಲಿ, ತಾಯಿಯ ಪಕ್ಕಕ್ಕೆ ಕುಳಿತಿದ್ದ ಅವನು ತಲೆ ಎತ್ತಿದ್ದ. ತಂಗಿಗೆ ಹೇಳುತ್ತಿದ್ದನೋ ಕೂಡಿದ ಜನಕ್ಕೋ ತಿಳಿಯಲಿಲ್ಲ. "ನಾ ಇದ್ನಿ. ಮೈ ತೊಳದು ಸೀರಿ ಉಡಿಸಿದ್ದೆ. ನನ್ನ ಕೈ ಹಿಡಕೊಂಡ ಹೋದಳು. ಯಾರೂ ಇದ್ದಿಲ್ಲ ಅನ್ನಬ್ಯಾಡ."

ನಾಗರತ್ನಾ ಗಂಡನನ್ನೇ ನೋಡಿದಳು. ಇಷ್ಟು ಜನರ ನಡುವೆ ಅವನು ಆ ಕೆಲಸದ ಹೆಸರು ಹೇಳಿಯಾನು ಎಂದು ಅವಳು ಎಂದೂ ಎಣಿಸಿರಲಿಲ್ಲ. ಅವನೂ ಅವಳ ಕಡೆ ನೋಡಿದ, ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿದ. ಅವಳು ಜನರನ್ನು ದಾಟಿ ಹೋಗಿ ಅತ್ತೆಯ ಇನ್ನೊಂದು ಕೈ ಹಿಡಿದು ಕುಳಿತಳು. ಕೈ ಆಗಲೇ ತಣ್ಣಗಾಗಿತ್ತು.